ಮುದ್ರೆಯ ಕೆಳಗಿನ ವೇಗ

ಭಾನುವಾರ ಕಲ್ಲಿನ ಯಂತ್ರಗಳು ಮೌನ ತಾಳುತ್ತವೆ. ಆದುದರಿಂದಲೇ ಶಹಾಬಾದಿನ ಶಾಹನವಾಜನ ಪಾಲಿಶ್ ಶೆಡ್ಡಿನಲ್ಲಿ ಹಾಡು ಕೇಳುವ ಗೋಷ್ಠಿ ಭಾನುವಾರ ಮಧ್ಯಾಹ್ನವೇ ಕೂಡುತ್ತಿತ್ತು. ವಾರವೆಲ್ಲ ನೀರು ಕುಡಿದು ಕಿರುಚುವ ಆ ಯಂತ್ರಗಳ ಮಗ್ಗುಲಲ್ಲಿ, ಗೋಡೆಗೊರಗಿಸಿದ ನೀಲಿಛಾಯೆಯ ಪರಸಿ ಹಾಸುಗಲ್ಲುಗಳ ಎದುರಿಗೆ, ಒಂದು ಎತ್ತರದ ಕಲ್ಲುಹಾಸಿನ ಮೇಲೆ ಹಳೆಯ ರೆಕಾರ್ಡ್ ಪ್ಲೇಯರು ಪೂಜೆಯ ಪೀಠದಂತೆ ಕುಳಿತಿರುತ್ತಿತ್ತು.

ಆ ದಿನ ಲುಂಬಿನಿ ಚಿತ್ತಾಪುರದಿಂದ ಎಲ್ಲರಿಗಿಂತ ಮುಂಚೆ ಬಂದಿದ್ದಳು. ಕಾಳಗಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ, ಐವತ್ತು ದಾಟಿದ ಆ ಹೆಣ್ಣುಮಗಳಿಗೆ ಹಿಂದಿನ ರಾತ್ರಿಯಿಂದ ಒಂದು ಕಡೆ ಕೂರಲಾಗಿರಲಿಲ್ಲ. ಬಸ್ಸಿನಲ್ಲಿ ಎರಡು ಸಲ ಸೀಟು ಬದಲಿಸಿದ್ದಳು. ಶೆಡ್ಡಿನ ಬೀಗ ತೆಗೆದುಕೊಟ್ಟ ಶಾಹನವಾಜ, ವಾಡಿಯಿಂದ ಬರುವ ಇಬ್ಬರನ್ನು ಕರೆತರಲು ಸ್ಟೇಷನ್ನಿಗೆ ಹೋದ ಮೇಲೆ, ಆಕೆ ಸುಮ್ಮನಿರಲಾರದೆ ಪ್ಲೇಯರಿನ ಧೂಳು ಒರೆಸತೊಡಗಿದಳು.

ಆಕೆಯ ಅಶಾಂತಿಗೆ ಕಾರಣವಿತ್ತು. ಯೌವನದಲ್ಲಿ ವಾಡಿಯ ರೈಲ್ವೆ ಕಾಲೊನಿಯ ಕ್ಲಬ್ಬಿನ ಸಭಾಂಗಣದಲ್ಲಿ ನಾಲ್ವರು ಕೂಡಿ ಒಂದು ಬ್ಯಾಂಡು ಕಟ್ಟಿದ್ದರು. ಶಾಹನವಾಜನದು ಗಿಟಾರು, ಆಗಿನ್ನೂ ಎಂಜಿನ್ನಿನ ಸಹಾಯಕನಾಗಿದ್ದ ಸಂಗಣ್ಣನದು ಡ್ರಮ್ಮು, ಲುಂಬಿನಿಯದು ಬೇಸ್ ಗಿಟಾರು, ಆಕೆಯ ಅಣ್ಣ ಭಗವಂತನದು ಕಂಠ. ಅವರು ನುಡಿಸಿದ್ದೆಲ್ಲ ಒಂದೇ ಆಲ್ಬಮ್ಮನ್ನು. ಬರುವ ಭಾನುವಾರ, ಆ ಸಭಾಂಗಣವನ್ನು ಕೆಡವುವ ಮುನ್ನ, ಆ ಆಲ್ಬಮ್ಮನ್ನು ಆದಿಯಿಂದ ಅಂತ್ಯದವರೆಗೆ ಕೊನೆಯ ಸಲ ನುಡಿಸುವುದೆಂದು ನಿಶ್ಚಯವಾಗಿತ್ತು. ಆದರೆ ಕಳೆದ ತಿಂಗಳು ಭಗವಂತನ ಗಂಟಲಿನ ಗಂಟನ್ನು ಕಲಬುರಗಿಯ ವೈದ್ಯರು ಕೊಯ್ದು ತೆಗೆದು, ಇನ್ನು ಹಾಡು ನಿಷಿದ್ಧವೆಂದರು. ಕಾರ್ಯಕ್ರಮ ಉಳಿಯಬೇಕೋ ಬಿಡಬೇಕೋ ಎಂಬುದು ಇಂದಿನ ಗೋಷ್ಠಿಯಲ್ಲಿ ತೀರ್ಮಾನವಾಗಬೇಕಿತ್ತು. ತಾನು ಹಾಡುತ್ತೇನೆಂದು ಹೇಳಲು ಲುಂಬಿನಿ ಬಂದಿದ್ದಳು. ಇಪ್ಪತ್ತರ ವಯಸ್ಸಿನಲ್ಲಿಯೂ ಒಮ್ಮೆ ಹಾಗೆ ಹೇಳಿದ್ದಳು. ಇದು ಗಂಡಸಿನ ದನಿಗೇ ಹುಟ್ಟಿದ ಸಂಗೀತವೆಂದು ಅಣ್ಣ ಆಗ ಪ್ರೀತಿಯಿಂದಲೇ ತಳ್ಳಿಹಾಕಿದ್ದ. ಆ ಪ್ರೀತಿಗೆ ಎದುರಾಡಲು ಆಕೆಗೆ ದಾರಿಯೇ ಸಿಕ್ಕಿರಲಿಲ್ಲ.

ಆ ಆಲ್ಬಮ್ಮಿಗೆ ಹೆಸರಿರಲಿಲ್ಲ. ಯಾರೋ ರೈಲ್ವೆ ಗಾರ್ಡು ಮುಂಬಯಿಯಿಂದ ತಂದು ಕ್ಲಬ್ಬಿಗೆ ಬಿಟ್ಟುಹೋದ ರೆಕಾರ್ಡಿನ ತಟ್ಟೆ ಅದು. ಹೊದಿಕೆಯನ್ನು ಗೆದ್ದಲು ತಿಂದಿತ್ತು. ಕಳುವಾಗದಿರಲೆಂದು ಪ್ರತಿ ತಟ್ಟೆಯ ನಡುವಿನ ಚೀಟಿಯ ಮೇಲೆ ತನ್ನ ಮುದ್ರೆಯೊತ್ತಿದ ಕಾಗದವನ್ನು ಅಂಟಿಸುವುದು ಆ ಕ್ಲಬ್ಬಿನ ಸಂಪ್ರದಾಯ. ಹೀಗಾಗಿ ಹಾಡಿದವರಾರು, ಯಾವ ಊರಿನವರು ಎಂಬುದೆಲ್ಲ ಮುದ್ರೆಯ ಕೆಳಗೆ ಹೂತುಹೋಯಿತು. ಇತ್ತೀಚೆಗೆ ಶಾಹನವಾಜ ತನ್ನ ಫೋನಿಗೆ ಆ ಹಾಡುಗಳನ್ನು ಕೇಳಿಸಿದ್ದ. ಯಾವ ಹಾಡನ್ನಾದರೂ ಗುರುತಿಸುವ ಆ ಯಂತ್ರ ಇದಕ್ಕೆ ಮಾತ್ರ ನಿರುತ್ತರವಾಯಿತು. ಜಗತ್ತಿಗೇ ತಿಳಿಯದ ನಿಧಿ ತಮ್ಮಲ್ಲಿದೆಯೆಂದು ನಾಲ್ವರೂ ಹಿಗ್ಗಿದ್ದರು.

ಒರೆಸುವಾಗ ಲುಂಬಿನಿಯ ಕೈಗೆ ಏನೋ ಅಂಟಿತು. ವೇಗದ ಕಡ್ಡಿಯ ಮೇಲೆ ಸಂಗಣ್ಣ ಕ್ಲಬ್ಬಿನ ಕಾಲದಲ್ಲೇ ಸುತ್ತಿದ್ದ ಕರಿಯ ಟೇಪು ಬಿಸಿಲಿಗೆ ಒಣಗಿ ಬಿಟ್ಟುಕೊಂಡಿತ್ತು. ನಿಮಿಷಕ್ಕೆ ಸಣ್ಣ ತಟ್ಟೆಗೆ ನಲವತ್ತೈದು ಸುತ್ತು, ದೊಡ್ಡ ತಟ್ಟೆಗೆ ಮೂವತ್ತಮೂರು. ಅದು ಎಲ್ಲರೂ ಬಲ್ಲ ನಿಯಮ. ಸಿನಿಮಾ ಹಾಡಿನ ಸಣ್ಣ ತಟ್ಟೆಗಳೆಲ್ಲ ಒಡೆದುಹೋದ ಮೇಲೆ, ಕಡ್ಡಿ ಮತ್ತೆ ಅತ್ತಿತ್ತ ಸರಿಯದಿರಲೆಂದು ಆತ ಅದನ್ನು ಮೂವತ್ತಮೂರಕ್ಕೆ ಕಟ್ಟಿಹಾಕಿದ್ದ. ಒರೆಸಿದ ಬಟ್ಟೆಯೊಡನೆ ಕಡ್ಡಿ ಈಗ ಇನ್ನೊಂದು ಗುರುತಿಗೆ ಸರಿದಿತ್ತು. ಅದನ್ನು ಗಮನಿಸದೆ ಆಕೆ ಹೆಸರಿಲ್ಲದ ಆ ದೊಡ್ಡ ತಟ್ಟೆಯನ್ನಿಟ್ಟು ಮುಳ್ಳನ್ನು ಇಳಿಸಿದಳು.

ಒಬ್ಬ ಹೆಂಗಸು ಹಾಡಿದಳು.

ಲುಂಬಿನಿ ಮೊದಲು ಹಿಂತಿರುಗಿ ಬಾಗಿಲ ಕಡೆ ನೋಡಿದಳು, ಯಾರೋ ಒಳಬಂದರೆಂಬಂತೆ. ಪಾತಾಳದಿಂದೆದ್ದು ಬರುತ್ತಿದ್ದ, ತನ್ನ ಅಣ್ಣ ಆಯುಷ್ಯವಿಡೀ ಅನುಕರಿಸಿದ ಆ ಮಂದ್ರಸ್ಥಾಯಿ ಎಲ್ಲಿಯೂ ಇರಲಿಲ್ಲ. ಅದರ ಜಾಗದಲ್ಲಿ ಹಟಮಾರಿಯಾದ, ಅವಸರದ, ಸ್ವಲ್ಪ ಒಡಕಿನ ಸ್ತ್ರೀಕಂಠವೊಂದು ಯಾರೊಡನೆಯೋ ವಾದಕ್ಕೆ ನಿಂತಂತಿತ್ತು. ಹೊರಗೆ ಸ್ಕೂಟರಿನ ಸದ್ದಾಯಿತು. ಆಕೆ ಮುಳ್ಳನ್ನೆತ್ತಿ, ಕಡ್ಡಿಯನ್ನು ಹಿಂದಕ್ಕೆ ತಳ್ಳಿ, ಟೇಪನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಭಗವಂತ ಕೊರಳಿಗೆ ಮಫ್ಲರು ಸುತ್ತಿಕೊಂಡು ಬಂದ. ಉಸಿರಿನಲ್ಲೇ ಮಾತಾಡುತ್ತಿದ್ದ. ನಿವೃತ್ತ ರೈಲು ಚಾಲಕ ಸಂಗಣ್ಣ ಕಂಕುಳಲ್ಲಿ ಗಿಟಾರುಗಳ ಅಬ್ಬರದ ಒಂದು ಹೆವಿ ಮೆಟಲ್ ಆಲ್ಬಮ್ಮನ್ನು ಇರುಕಿಕೊಂಡಿದ್ದ. ಹೊದಿಕೆಯ ಮೇಲೆ ಹೊಗೆಯ ನಡುವೆ ಕಣ್ಣಿಲ್ಲದ ಕುದುರೆಯೊಂದು ನಿಂತಿದ್ದರಿಂದ ಅವರೆಲ್ಲ ಅದನ್ನು ಕುರುಡು ಕುದುರೆಯೆಂದೇ ಕರೆಯುತ್ತಿದ್ದರು. ಈ ಗೋಷ್ಠಿಯ ಕ್ರಮವನ್ನು ವಿಧಿಸಿದವನೂ ಅವನೇ. ಇಷ್ಟಲಿಂಗ ಪೂಜೆ ಮುಗಿಸದೆ ಮನೆ ಬಿಡದ ಆತ, ತಮ್ಮ ಓಣಿಯ ಅನುಭಾವ ಗೋಷ್ಠಿಯ ಪದ್ಧತಿಯನ್ನೇ ಇಲ್ಲಿಗೂ ತಂದಿದ್ದ. ತಟ್ಟೆಯ ಒಂದು ಮುಖ ಮುಗಿಯುವವರೆಗೆ ಯಾರೂ ತುಟಿ ಬಿಚ್ಚಬಾರದು. ಅನಂತರ ಒಬ್ಬೊಬ್ಬರೇ ಹೇಳಬೇಕು. ತಟ್ಟೆ ತಂದವನು ಕಡೆಯಲ್ಲಿ ಉತ್ತರಿಸಬೇಕು.

ಕುರುಡು ಕುದುರೆ ಓಡಿತು. ಲುಂಬಿನಿ ಕುಳಿತಳು, ಎದ್ದಳು, ನೀರು ತರುವ ನೆಪದಲ್ಲಿ ಶೆಡ್ಡಿನ ಆ ತುದಿಗೆ ಹೋಗಿ ಬಂದಳು. ಆ ಗಿಟಾರುಗಳು ಎಂದಿನಂತೆ ಗಡಿಯನ್ನು ಮೀರಿ ಉಕ್ಕುತ್ತಿದ್ದವು. ರೌದ್ರವು ವೀರಕ್ಕೆ, ವೀರವು ಅದ್ಭುತಕ್ಕೆ ತೆರೆದುಕೊಳ್ಳುವ ಆ ಸಂಧಿಗಳಲ್ಲಿ ಆಕೆಗೆ ಹಿಂದೆಲ್ಲ ಮೈ ಜುಮ್ಮೆನ್ನುತ್ತಿತ್ತು. ಇಂದು ಏನೂ ಆಗಲಿಲ್ಲ. ಕಿವಿ ಇನ್ನೊಂದು ಕಂಠಕ್ಕೆ ಕಾದಿತ್ತು.

ತಟ್ಟೆಯ ಮುಖ ಮುಗಿಯಿತು, ಶಾಹನವಾಜ ತನ್ನ ಹಳೆಯ ವಾದವನ್ನೇ ಹೂಡಿದ. ಮೆಟಲ್ ಎನ್ನುವುದು ಎರಡೂ ಬದಿ ಪಾಲಿಶ್ ಹೊಡೆದ ಪರಸಿ, ಕಾಲಿಟ್ಟರೆ ಜಾರುತ್ತದೆ. ಹೆಸರಿಲ್ಲದ ತಟ್ಟೆಯಂಥ ಪೋಸ್ಟ್-ಪಂಕ್ ಸಂಗೀತ ಒರಟು ಮೈಯ ಕಲ್ಲು, ಅದರ ಮೇಲೆ ನಿಲ್ಲಬಹುದು ಎಂದ. ಭಗವಂತ ಉಸಿರಿನಲ್ಲೇ ಮಾತು ಸೇರಿಸಿದ. ಆ ಕಾಲದ ಇಂಗ್ಲಿಷ್ ಕಾರ್ಖಾನೆಯ ಊರುಗಳಲ್ಲಿ ಮೆಟಲ್ಲಿನವರು ಯಂತ್ರದ ಸದ್ದನ್ನು ಹೊತ್ತು ತಂದರೆ, ಪೋಸ್ಟ್-ಪಂಕಿನವರು ಯಂತ್ರ ನಿಂತ ಮೇಲಿನ ನಿಶ್ಶಬ್ದವನ್ನು ತಂದರಂತೆ. ಸಂಗಣ್ಣನಿಗೆ ಸರದಿಯವರೆಗೆ ತಡೆಯಲಾಗಲಿಲ್ಲ.

"ಮೆಟಲ್ ಅಂದ್ರ ಗೂಡ್ಸ್ ಗಾಡಿ," ಎಂದ. "ಒಮ್ಮೆ ಜಗ್ಗಲಿಕತ್ತದಂದ್ರ ರಾಯಚೂರ ತನಕ ತಿರುಗಿ ನೋಡಂಗಿಲ್ಲ. ನಿಮ್ಮ ಪೋಸ್ಟ್-ಪಂಕ್ ಪ್ಯಾಸೆಂಜರ್ ಅದ. ಎಲ್ಲಾ ಸ್ಟೇಷನ್‌ದಾಗೂ ನಿಂತು ಉಸಿರು ಬಿಡ್ತದ."

"ಗೂಡ್ಸ್‌ನ್ಯಾಗ ಸಿಮೆಂಟ್ ಹೋಗ್ತದ ಸಂಗಣ್ಣಾ," ಎಂದ ಶಾಹನವಾಜ. "ಮನಷ್ಯಾರು ಪ್ಯಾಸೆಂಜರ್‌ನ್ಯಾಗೇ ಹೋಗ್ತಾರ."

ಭಗವಂತ ಸದ್ದಿಲ್ಲದೆ ನಕ್ಕ. ನಗುವುದಕ್ಕೂ ಗಂಟಲ ಮೇಲೆ ಕೈ ಹೋಗುತ್ತಿತ್ತು. ಆಮೇಲೆ ಮಾತು ಸಹಜವಾಗಿ ಹೆಸರಿಲ್ಲದ ತಟ್ಟೆಯತ್ತ, ಅದರ ಕೊನೆಯ ಹಾಡಿನಲ್ಲಿ ಕಂಠ ಸೇರುವ ಮುಂಚೆ ಬರುವ ಆ ಪ್ರಸಿದ್ಧ ನಿಟ್ಟುಸಿರಿನತ್ತ ಹೊರಳಿತು. ಒಂದು ಬಾವಿಯ ಆಳದಿಂದ ಎಳೆದಂಥ ದೀರ್ಘ ಉಸಿರು. ಅದು ಪಶ್ಚಾತ್ತಾಪವೋ ವೈರಾಗ್ಯವೋ ಎಂದು ಅವರು ವರ್ಷಗಟ್ಟಲೆ ಚರ್ಚಿಸಿದ್ದರು. ವೇದಿಕೆಯ ಮೇಲೆ ಆ ಉಸಿರನ್ನು ಹಾಗೆಯೇ ತೆಗೆಯಬಲ್ಲವನು ಭಗವಂತನೊಬ್ಬನೇ. ಆ ಉಸಿರೇ ಇಲ್ಲವೆಂದ ಮೇಲೆ ಕಾರ್ಯಕ್ರಮವನ್ನು ಬಿಟ್ಟುಬಿಡೋಣವೆಂದು ಅವನು ತಾನಾಗಿಯೇ ಹೇಳಿದ. ಹಾಡಿಲ್ಲದೆ ಬರೀ ವಾದ್ಯ ನುಡಿಸಬಹುದೆಂದು ಶಾಹನವಾಜ ಅರೆಮನಸ್ಸಿನಿಂದ ಸೂಚಿಸಿದ. ಯಾರೂ ಒಪ್ಪಲಿಲ್ಲ, ಅವನೂ ಸಹ.

"ನಾ ಹಾಡ್ತೀನಿ," ಎಂದಳು ಲುಂಬಿನಿ.

ಮೂವರೂ ಆಕೆಯತ್ತ ನೋಡಿದರು. ಅಣ್ಣನ ಮುಖದಲ್ಲಿ ಅದೇ ಹಳೆಯ ಅಕ್ಕರೆ ಮೂಡಿತು. ಬುದ್ಧವಿಹಾರದಲ್ಲಿ ತಂಗಿ ವಂದನೆ ಹಾಡಿದರೆ ತನಗೆ ಕಣ್ಣು ತುಂಬುತ್ತದೆಂದು ಪಿಸುಗುಟ್ಟಿ, ಆಮೇಲೆ ಹೇಳಿದ: "ಆದ್ರ ಇದು ಹಂಗಲ್ಲವ್ವಾ. ಇದು ನೆಲದ ಬುಡದಿಂದ ಬರ್ಬೇಕು. ಆ ದನಿ ಕೇಳು, ನಿನಗ ಗೊತ್ತಾಗ್ತದ."

"ಕೇಳೂಣ," ಎಂದಳು.

ತಟ್ಟೆಯನ್ನಿಟ್ಟಳು. ಮುಷ್ಟಿ ಬಿಚ್ಚಿ ಒಣಗಿದ ಟೇಪನ್ನು ಸಂಗಣ್ಣನ ಮುಂದಿನ ಕಲ್ಲಿನ ಮೇಲೆ ಹಾಕಿ, ಕಡ್ಡಿಯನ್ನು ನಲವತ್ತೈದಕ್ಕೆ ಸರಿಸಿ, ಕೊನೆಯ ಹಾಡಿನ ಅಂಚಿಗೆ ಮುಳ್ಳನ್ನು ಇಳಿಸಿದಳು. ಮುಳ್ಳು ಒಮ್ಮೆ ಚೀರಿತು.

ನಿಟ್ಟುಸಿರು ಬರಲಿಲ್ಲ. ಅದರ ಬದಲಿಗೆ, ಹಾಡಲು ಹೊರಟ ಹೆಂಗಸೊಬ್ಬಳು ಗಬಕ್ಕನೆ ಒಳಗೆಳೆದುಕೊಂಡ ಒಂದು ಚಿಕ್ಕ ಉಸಿರು. ಹಿಂದೆಯೇ ಕಂಠ.

ಈ ಸಲವೂ ಕ್ರಮವನ್ನು ಮುರಿದವನು ಅದನ್ನು ವಿಧಿಸಿದವನೇ. ತಟ್ಟೆಯನ್ನು ಅಷ್ಟು ವೇಗವಾಗಿ ಓಡಿಸಿದರೆ ಯಾವ ಗಂಡಸೂ ಹೆಂಗಸಾಗುತ್ತಾನೆಂದು ಸಂಗಣ್ಣ ರೇಗಿದ. ಲುಂಬಿನಿ ವಾದಿಸಲಿಲ್ಲ, ಕುರುಡು ಕುದುರೆಯನ್ನು ಅದೇ ವೇಗಕ್ಕೆ ಹಚ್ಚಿದಳು. ಆ ಮಹಾವೀರರೆಲ್ಲ ಅಳಿಲುಗಳಂತೆ ಕಿಚಪಿಚಗುಟ್ಟಿದರು. ಶಾಹನವಾಜನಿಗೆ ನಗು ತಡೆಯಲಾಗಲಿಲ್ಲ. ಆಕೆ ಮತ್ತೆ ಹೆಸರಿಲ್ಲದ ತಟ್ಟೆಯನ್ನಿಟ್ಟಳು. ಡ್ರಮ್ಮಿನ ಪೆಟ್ಟು ಡ್ರಮ್ಮಿನ ಪೆಟ್ಟಾಗಿ, ತಂತಿಯ ಟಣತ್ಕಾರ ತಂತಿಯದೇ ಆಗಿ ಕೇಳಿತು. ಮಂಜಿನೊಳಗಿದ್ದ ಊರಿಗೆ ಬಿಸಿಲು ಬಿದ್ದಂತೆ ಇಂಗ್ಲಿಷ್ ಮಾತುಗಳು ಸ್ಪಷ್ಟವಾದವು. ಸಂಗಣ್ಣ ತಾನು ಸುತ್ತಿದ್ದ ಟೇಪಿನ ತುಂಡನ್ನು ಬೆರಳಿನಿಂದ ಉರುಳಿಸತೊಡಗಿದ.

ಭಗವಂತ ಎದ್ದು ಬಂದು ತಟ್ಟೆಯನ್ನು ನಿಲ್ಲಿಸಿದ. ಪಾಲಿಶ್ ಯಂತ್ರದ ತೊಟ್ಟಿಯಲ್ಲಿ ಬೆರಳದ್ದಿ, ಕ್ಲಬ್ಬಿನ ಮುದ್ರೆಯ ಮೇಲೆ ತೇವ ಸವರಿದ. ಅಂಟು ಹಳೆಯದು, ತಡವಾಯಿತು. ಕಾಗದ ಎಳೆಎಳೆಯಾಗಿ ಸುರುಳಿಗಟ್ಟಿ ಎದ್ದಿತು. ಕೆಳಗಿನ ಬಣ್ಣದ ಚೀಟಿಯಲ್ಲಿ ಹೆಸರಿನ ಅಕ್ಷರಗಳು ಕಾಗದದೊಡನೆ ಕಿತ್ತುಹೋಗಿದ್ದವು. ಅಂಚಿನಲ್ಲಿ ನಲವತ್ತೈದೆಂಬ ಅಂಕಿ ಮಾತ್ರ ಸ್ವಚ್ಛವಾಗಿ ಉಳಿದಿತ್ತು.

ಆತ ಆ ಅಂಕಿಯ ಮೇಲೆ ಬೆರಳಾಡಿಸಿದ. ಲುಂಬಿನಿಗೆ ಈಗ ಗೆಲುವಿನ ಸುಖ ಬರಬೇಕಿತ್ತು, ಬಂದದ್ದು ಭಯ. ಬದುಕಿಡೀ ಒಂದು ದನಿಯ ಹಿಂದೆ ನಡೆದವನ ಕೈಯಿಂದ ಕಂಠದ ಜೊತೆಗೆ ಆ ದನಿಯನ್ನೂ ತಾನು ಕಿತ್ತುಕೊಂಡೆನೇ ಎಂದು ತನ್ನನ್ನೇ ಕೇಳಿಕೊಂಡಳು.

"ಅಂದ್ರ ಇಷ್ಟು ವರ್ಷ," ಎಂದ ಭಗವಂತ ಉಸಿರಿನಲ್ಲಿ, "ನಾ ಒಬ್ಬ ಹೆಣ್ಮಗಳ ಹಾಡು ಹಾಡಾಕತ್ತಿದ್ದೆ."

"ಛಂದನೇ ಹಾಡ್ತಿದ್ದಿ ಬಿಡಪಾ," ಎಂದ ಸಂಗಣ್ಣ. ಆಮೇಲೆ ತನ್ನ ಮಣಿಕಟ್ಟನ್ನು ತಿಕ್ಕಿಕೊಂಡ. "ಆದ್ರ ಈ ಸ್ಪೀಡಿಗಿ ನನ್ನ ಕೈ ಬರಂಗಿಲ್ಲ. ಖರೇ ಹೇಳ್ತೀನಿ."

ಹಾಗಾದರೆ ಹಳೆಯ ನಿಧಾನಗತಿಯಲ್ಲೇ ನುಡಿಸೋಣ, ಕೇಳುವವರು ಬಲ್ಲದ್ದೂ ಅದನ್ನೇ ಎಂದ ಶಾಹನವಾಜ. ತಪ್ಪೆಂದು ತಿಳಿದ ಮೇಲೆ ತಪ್ಪನ್ನೇ ನುಡಿಸುವುದು ಹೇಗೆಂದು ಸಂಗಣ್ಣನೇ ತಿರುಗಿಬಿದ್ದ. ತನ್ನ ಮಣಿಕಟ್ಟಿಗೆ ವಿರುದ್ಧವಾಗಿ ತಾನೇ ವಾದಿಸತೊಡಗಿದ. ಇಬ್ಬರ ಮಾತೂ ಏರಿತು. ಭಗವಂತ ಹಾಸುಗಲ್ಲಿನ ಮೇಲೆ ಅಂಗೈಯಿಂದ ಬಡಿದ; ಕೂಗಲಾರದವನಿಗೆ ಉಳಿದಿದ್ದ ದಾರಿ ಅದೊಂದೇ.

"ಹಾಡಾಕಿ ಅಕಿ," ಎಂದ. "ಅಕಿಗಿ ಕೇಳ್ರಿ."

ಬಯಸಿದ್ದು ಕೈಗೆ ಬಂದಿತ್ತು. ಕೊನೆಯ ಹಾಡಿಗೆಂದು ಶಾಹನವಾಜ ಗಿಟಾರನ್ನು ಹೆಗಲಿಗೇರಿಸಿದ. ಶೆಡ್ಡಿನ ಮೂಲೆಯ ಹಳೆಯ ಡ್ರಮ್ಮುಗಳ ಹಿಂದೆ ಸಂಗಣ್ಣ ಕುಳಿತ. ಲುಂಬಿನಿ ಬೇಸ್ ಗಿಟಾರನ್ನು ಕೊರಳಿಗೆ ಹಾಕಿಕೊಂಡಳು. ಎಲ್ಲರೂ ಆಕೆಯ ಒಂದು ಮಾತಿಗೆ ಕಾಯುತ್ತಿದ್ದರು. ನಲವತ್ತೈದೆನ್ನಲು ನಾಲಿಗೆ ಏಳಲಿಲ್ಲ. ಆ ಓಟ, ಆ ಹಟ, ಸಮುದ್ರದಾಚೆಯ ಒಬ್ಬ ಅಪರಿಚಿತೆಯವು. ಮೂವತ್ತಮೂರೆನ್ನಲೂ ಆಗಲಿಲ್ಲ, ಆ ಆಳ ಅಣ್ಣನದು, ಅದರೊಳಗೆ ತನಗೆ ಎಂದೂ ಜಾಗವಿರಲಿಲ್ಲ. ಆದರೂ ಅದರ ಕೆಳಗೆ ಬೇಸ್ ನುಡಿಸುತ್ತಲೇ ತಾನು ಬೆಳೆದದ್ದು. ದೂರದಲ್ಲಿ ವಾಡಿಯ ಕಡೆಗೆ ಗೂಡ್ಸ್ ಗಾಡಿಯೊಂದು ಹೊರಟಿತ್ತು. ಅದರ ಅದುರು ಪರಸಿಗಳ ಮೂಲಕ ಅಂಗಾಲಿಗೆ ಹತ್ತಿತು.

"ಹೇಳವ್ವಾ, ಯಾವುದು?" ಎಂದ ಸಂಗಣ್ಣ, ಡ್ರಮ್ಮಿನ ಕಡ್ಡಿಗಳನ್ನೆತ್ತಿ.

ಆಕೆ ಪ್ಲೇಯರಿನ ಬಳಿಗೆ ಹೋಗಲಿಲ್ಲ. ಪಕ್ಕದ ಕಲ್ಲಿನ ಮೇಲೆ ಬೆರಳಿನ ಗೆಣ್ಣಿನಿಂದ ತಾಳ ಕೊಟ್ಟಳು. ಮೊದಲ ಪೆಟ್ಟುಗಳು ಅವಸರವಾದವು. ಒರೆಸಿಹಾಕುವಂತೆ ಕೈ ಬೀಸಿ ಮತ್ತೆ ಕೊಟ್ಟಳು. ಅದು ಓಟವೂ ಅಲ್ಲ, ತೆವಳಿಕೆಯೂ ಅಲ್ಲ. ಪ್ಲೇಯರಿನ ವೇಗದ ಕಡ್ಡಿಯ ಎರಡು ಗುರುತುಗಳ ನಡುವೆ, ಯಂತ್ರ ನಿಲ್ಲಲಾರದ ಯಾವುದೋ ಜಾಗದಲ್ಲಿತ್ತು. ಸಂಗಣ್ಣ ತಲೆ ಓರೆಮಾಡಿ ಆಲಿಸಿದ, ಹುಬ್ಬು ಗಂಟಿಕ್ಕಿದ, ಆಮೇಲೆ ಅದನ್ನು ಡ್ರಮ್ಮಿನ ಅಂಚಿಗೆ ಎತ್ತಿಕೊಂಡ. ಎರಡು ಸುತ್ತು ತಪ್ಪಿದ. ಮೂರನೆಯದರಲ್ಲಿ ಕೂಡಿಕೊಂಡ. ಶಾಹನವಾಜನ ತಂತಿ ಹಿಂಬಾಲಿಸಿತು.

ಭಗವಂತ ಮಫ್ಲರಿನೊಳಗೆ ಗಂಟಲನ್ನು ಹಿಡಿದುಕೊಂಡು ತಂಗಿಯ ತುಟಿಗಳನ್ನೇ ದಿಟ್ಟಿಸುತ್ತಿದ್ದ. ಕಂಠ ಸೇರಬೇಕಾದ ಗಳಿಗೆ ಹತ್ತಿರ ಬಂದಿತು. ಆ ನಿಟ್ಟುಸಿರಿನ ಜಾಗ ಬಂದಾಗ ಅವನ ಎದೆ ಅಭ್ಯಾಸಬಲದಿಂದ ತಾನಾಗಿ ಏರಿತು. ಲುಂಬಿನಿ ಅದನ್ನು ಕಂಡಳು, ಕಣ್ಣು ತಿರುಗಿಸಿದಳು, ಮತ್ತು ಗಬಕ್ಕನೆ ತನ್ನ ಉಸಿರನ್ನು ಎಳೆದುಕೊಂಡಳು.