ಏಳನೇ ಮಂಚದ ಹಾಳೆ

ಏಳನೇ ಮಂಚದ ಮೇಷ್ಟ್ರು ಮೂವತ್ತೆರಡು ವರ್ಷ ಇಂಗ್ಲಿಷ್ ವ್ಯಾಕರಣ ಕಲಿಸಿದವರು. ಮೂತ್ರಪಿಂಡ ಕೈಕೊಟ್ಟು ಆಸ್ಪತ್ರೆ ಸೇರಿದ ಮೇಲೂ ಆ ಚಟ ಬಿಟ್ಟಿರಲಿಲ್ಲ. ಶಿಷ್ಯೆಯಾಗಿ ಸಿಕ್ಕವಳು ವಾರ್ಡಿನ ಆಯಾ. ಹನ್ನೊಂದು ವರ್ಷ ದಿನಗೂಲಿಯಲ್ಲೇ ಸವೆದ ಅವಳ ಕೆಲಸ ಕಾಯಂ ಆಗಬೇಕಾದರೆ ಇಂಗ್ಲಿಷಿನ ಒಂದು ಪರೀಕ್ಷೆ ದಾಟಬೇಕಿತ್ತು.

"ದಿಂಬು ಎಣಿಸಬಹುದು. ಒನ್ ಪಿಲ್ಲೋ, ಟೂ ಪಿಲ್ಲೋಸ್. ನೀರು ಎಣಿಸೋಕಾಗಲ್ಲ. ಟೂ ವಾಟರ್ಸ್ ಅಂದ್ರೆ ಕಿವಿ ಹಿಂಡ್ತೀನಿ."

"ನಿಮ್ಮ ನೀರಿನ ಲೆಕ್ಕ ದಿನಾ ಬರೀತೀನಲ್ಲ ಮೇಷ್ಟ್ರೇ?" ಅವಳು ಮಂಚಕ್ಕೆ ಸಿಕ್ಕಿಸಿದ್ದ ಹಾಳೆ ತೋರಿಸಿದಳು. ಕುಡಿದದ್ದೆಷ್ಟು, ಮೂತ್ರವಾಗಿ ಹೋದದ್ದೆಷ್ಟು, ಎರಡೇ ಕಾಲಂ.

"ಅದು ಅಳತೆ ತಾಯಿ. ನೀನು ಎಣಿಸೋದು ಲೋಟ, ನೀರಲ್ಲ. ಎ ಗ್ಲಾಸ್ ಆಫ್ ವಾಟರ್."

ಪಕ್ಕದ ಮಂಚದಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ಬಡಗಿ, ಅಲ್ಲೂ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡವನು, ನಕ್ಕ. "ಇವರಿಗೆ ಗ್ಲೂಕೋಸ್ ದಂಡ. ಸೀಮೆಸುಣ್ಣ ಏರಿಸೋಕೆ ಹೇಳಿ."

ದಿನಾ ಪಾಠ ಮುಗಿದ ಮೇಲೆ ಮೇಷ್ಟ್ರು ಕೇಳುತ್ತಿದ್ದರು, "ಇವತ್ತು ಎಷ್ಟು ಹೋಯ್ತು?"

"ಆರುನೂರು," ಅನ್ನುತ್ತಿದ್ದಳು. ಹಾಳೆಯಲ್ಲಿ ಮಾತ್ರ ನಾನೂರು, ಇನ್ನೂರೈವತ್ತು, ನೂರಿಪ್ಪತ್ತು ಎಂದು ಇಳಿಯುತ್ತಿತ್ತು. ಆ ಇಳಿತದ ಅರ್ಥ ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ದೇವರೇ, ಬರೆದದ್ದನ್ನು ನೋಡು, ಆಡಿದ್ದನ್ನು ಮನ್ನಿಸು ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು.

ಪರೀಕ್ಷೆಯ ಹಿಂದಿನ ಮಧ್ಯಾಹ್ನ ಮೇಷ್ಟ್ರ ಪಾದ ಬಾತು ಹೊಳೆಯುತ್ತಿತ್ತು. "ಆ ಹಾಳೆ ತಗೋ. ಇಂಗ್ಲಿಷಲ್ಲಿ ಓದು."

"ಪುಸ್ತಕ ಓದ್ತೀನಿ ಮೇಷ್ಟ್ರೇ."

"ಹಾಳೆ."

ಅವಳು ಮಂಚದಿಂದ ಹಾಳೆ ಬಿಡಿಸಿಕೊಂಡಳು. ಓದಿದಳು. "ಹಿ ಡ್ರ್ಯಾಂಕ್ ಟೂ ಗ್ಲಾಸಸ್ ಆಫ್ ವಾಟರ್. ಹಿ ಪಾಸ್ಡ್ ವೆರಿ ಲಿಟಲ್ ಯೂರಿನ್. ಸಿಕ್ಸ್ಟಿ ಎಂಎಲ್."

ಬಡಗಿ ಗೋಡೆಯತ್ತ ಹೊರಳಿದ. ಮೇಷ್ಟ್ರು ಕಣ್ಣು ಮುಚ್ಚಿ, ವಾಕ್ಯವನ್ನಷ್ಟೇ ಕೇಳಿದವರಂತೆ ತಲೆಯಾಡಿಸಿದರು.

"ತಪ್ಪಿಲ್ಲ. ನನಗೆ ಹೋದ ವಾರವೇ ಗೊತ್ತಿತ್ತು ತಾಯಿ. ನೀನು ಆರುನೂರು ಅನ್ನುವಾಗ ಮುಖ ಕಿಟಕಿ ಕಡೆ ತಿರುಗಿಸ್ತಿದ್ದೆ. ಕಾಪಿ ಹೊಡೆಯೋ ಮಕ್ಕಳೂ ಹಾಗೇ ತಿರುಗಿಸೋದು." ಆಮೇಲೆ ಕಣ್ಣು ತೆರೆದು, "ನಾಳೆ ತಡ ಮಾಡ್ಬೇಡ. ಇಲ್ಲಿಗೆ ಬಂದು ಆಮೇಲೆ ಹೋಗ್ತೀನಿ ಅಂತ ಕೂರ್ಬೇಡ," ಎಂದರು.

ಮರುದಿನ ಪರೀಕ್ಷೆ ಬರೆದವಳು ಪ್ರಶ್ನೆಪತ್ರಿಕೆ ಮಡಚಿ ಹಿಡಿದುಕೊಂಡು ನೇರ ವಾರ್ಡಿಗೆ ಬಂದಳು. ಏಳನೇ ಮಂಚಕ್ಕೆ ಆಗಲೇ ಒಗೆದ ಹಾಸು ಬಿದ್ದಿತ್ತು.

"ಹತ್ತೂವರೆಗೆ ಹೋದ್ರಕ್ಕಾ," ಎಂದ ಬಡಗಿ. "ನೀವು ಬರೀತಾ ಇದ್ದಿರಬೇಕು. ಬೆಳಿಗ್ಗೆ ನನ್ನ ಪೆನ್ಸಿಲ್ ಇಸ್ಕೊಂಡಿದ್ರು."

ಹಾಳೆ ಇನ್ನೂ ಅಲ್ಲೇ ಇತ್ತು. ಅರವತ್ತು ಎಂದು ಅವಳು ಬರೆದಿದ್ದ ಸಾಲಿನ ಪಕ್ಕ ಬಡಗಿಯ ದಪ್ಪ ಪೆನ್ಸಿಲಿನಲ್ಲಿ ನಡುಗುವ ಒಂದು ಸರಿ ಗುರುತು. ಅದರ ಕೆಳಗಿನ ಸಾಲು ಖಾಲಿ.

ಅವಳು ಕಪಾಟಿನ ಮೇಲಿದ್ದ ಮೇಷ್ಟ್ರ ಲೋಟ ಎತ್ತಿದಳು. ತಳದಲ್ಲಿ ಸ್ವಲ್ಪ ನೀರಿತ್ತು. ಚೆಲ್ಲಲು ಕೈ ಬರಲಿಲ್ಲ. ಹಾಗೇ ಹಿಡಿದುಕೊಂಡು ಮಂಚದ ಪಕ್ಕ ನಿಂತಳು.