ಕೆಂಪಗೆ ಉಳಿದ ಶಾಲೆ

ಪರದೆಯ ಮೇಲೆ ಒಂದೊಂದೇ ಶಾಲೆ ಹಸಿರಾಗುತ್ತ ಬಂತು. ಕೊನೆಯ ಸಾಲಿನದೊಂದು ಮಾತ್ರ ಜಪ್ಪಯ್ಯ ಅಂದರೂ ಕೆಂಪು ಬಿಡಲಿಲ್ಲ. ವೈರ್ ಅಕ್ಕ ತಲೆಯ ಮೇಲೆ ಕೈಹೊತ್ತು ಕೂತಳು. ಶಾಲೆ ಶಾಲೆ ಅಲೆದು ತಂತಿ ಎಳೆದವಳಿಗೆ ಮಕ್ಕಳಿಟ್ಟ ಹೆಸರದು. ಇಲಾಖೆಗೆ ಅವಳು ಬರೀ 'ಗುತ್ತಿಗೆ'.

ಅಲೆಯುವ ಕಾಲ ಮುಗಿಯಿತು, ಇನ್ನು ಕೂತಲ್ಲಿಂದಲೇ ಎಲ್ಲ ಕಂಪ್ಯೂಟರುಗಳಿಗೂ ಅಪ್‌ಡೇಟ್ ಕಳಿಸಬೇಕು ಎಂದು ಇಲಾಖೆಯ ಸಾಹೇಬರು ಬೆಳಿಗ್ಗೆ ಅಪ್ಪಣೆ ಕೊಡಿಸಿದ್ದರು. ಸಂಜೆಯೊಳಗೆ ಎಲ್ಲವೂ ಹಸಿರಾದರೆ ಗುತ್ತಿಗೆ ಮುಂದುವರಿಯುತ್ತದೆ, ಇಲ್ಲವಾದರೆ ಕೆಲಸ ಕಂಪನಿಯೊಂದರ ಪಾಲು. ಕಂಪನಿಯವನು ಆಗಲೇ ಹೊರಗಿನ ಬೆಂಚಿನ ಮೇಲೆ ಟೈ ಸರಿಮಾಡಿಕೊಳ್ಳುತ್ತ ಕೂತಿದ್ದ, ಹೆಣ್ಣು ನೋಡಲು ಬಂದವನ ಹಾಗೆ.

ಅವಳು ಆ ಶಾಲೆಯ ಹೆಡ್‌ಮಾಸ್ಟರಿಗೆ ಫೋನು ಮಾಡಿದಳು. ಅವರ ಕೋಣೆಯ ಕಂಪ್ಯೂಟರು ಹಸಿರೇ ಇತ್ತು. ಸತ್ತು ಮಲಗಿದ್ದು ಮಕ್ಕಳ ಲ್ಯಾಬು. ಎಲ್ಲ ಆನ್ ಇದೆ, ದೀಪ ಉರಿಯುತ್ತಿದೆ ಎಂದು ಅವರು ಆಣೆ ಹಾಕಿದರು. ಮೇಜಿನ ಕೆಳಗಿನ ಸಿಪಿಯು ಪೆಟ್ಟಿಗೆಯ ಗುಂಡಿ ಒತ್ತಿ ಎಂದಳು.

"ಪೆಟ್ಟಿಗೆನಾ? ಅದು ಬೀರುವಿನಲ್ಲಿ ಭದ್ರವಾಗಿದೆ ಕಣಮ್ಮ. ಬಂದ ದಿನವೇ ಬೀಗ ಹಾಕಿಸಿದೆ. ಮಕ್ಕಳಿಗೆ ಟೀವಿ ಭಾಗ, ಅಕ್ಷರದ ಹಲಗೆ ಸಾಕು."

ಅಂದರೆ ಮಕ್ಕಳು ಇಷ್ಟು ದಿನವೂ ಕಪ್ಪು ಪರದೆಯ ಮುಂದೆ ಕೂತು ಜೀವವಿಲ್ಲದ ಕೀಲಿಮಣೆ ಕುಟ್ಟಿದ್ದರು. ಕುಟ್ಟಿದ್ದರಲ್ಲಿ ತಪ್ಪಿದೆಯೋ ಇಲ್ಲವೋ ಯಾರಿಗೂ ಕಾಣದ್ದರಿಂದ ಎಲ್ಲರಿಗೂ ಒಳ್ಳೆಯ ಅಂಕ. ಮಕ್ಕಳು ದಿನವೂ ಕಲಿಯುತ್ತಿದ್ದಾರೆಂಬ ವರದಿಗೆ ಸಾಹೇಬರದೇ ಸಹಿ. ಬಡವರ ಮಕ್ಕಳ ಬೆರಳಿನಲ್ಲಿ ವಿಷವಿದೆಯೆಂದು ಇವರಿಗೆಲ್ಲ ಯಾವ ಗುರು ಕಲಿಸಿದನೋ, ವೈರ್ ಅಕ್ಕನ ಮೈ ಉರಿದುಹೋಯಿತು.

ಹೊರಗೆ ತೆಗೆಯಿರಿ ಎಂದಳು. ಲಿಖಿತ ಆದೇಶ ಬೇಕು ಎಂದರು. ಬಾಯಿಮಾತಿಗೆ ಆ ಮನುಷ್ಯ ಕೊಡೆಯನ್ನೂ ಬಿಚ್ಚಿದವರಲ್ಲ.

ಅವಳು ಸಾಹೇಬರ ಬಳಿಗೆ ಓಡಿದಳು. ಬರೆದುಕೊಟ್ಟರೆ ನಾಳೆ ತಮ್ಮ ಕುತ್ತಿಗೆಗೇ ಬರುತ್ತದೆಂದು ಅವರು ಮುಖ ಹುಳ್ಳಗೆ ಮಾಡಿದರು. ಪಟ್ಟಿಯಿಂದ ಆ ಶಾಲೆಯನ್ನೇ ಕಿತ್ತು ಹಾಕು, ಉಳಿದದ್ದೆಲ್ಲ ಹಸಿರೇ ಅಲ್ಲವೇ ಎಂದು ಉಪಾಯವನ್ನೂ ಹೇಳಿಕೊಟ್ಟರು.

ಒಂದು ಗುಂಡಿ ಒತ್ತಿದ್ದರೆ ಅವಳ ಅನ್ನ ಉಳಿಯುತ್ತಿತ್ತು, ಪೆಟ್ಟಿಗೆಗಳು ಬೀರುವಿನಲ್ಲೇ ಮುದಿಯಾಗುತ್ತಿದ್ದವು. ಬೆರಳು ಅಲ್ಲಿಯವರೆಗೂ ಹೋಗಿ, ನಾಚಿಕೆಯಾಗಿ, ವಾಪಸು ಬಂತು. ಹೆಡ್‌ಮಾಸ್ಟರ ಕೋಣೆಯ ಪ್ರಿಂಟರೂ ತನ್ನ ಜಾಲದಲ್ಲೇ ಇದೆಯೆಂದು ಆಗ ಹೊಳೆಯಿತು. ಅವಳು ಸರಸರನೆ ಟೈಪು ಮಾಡಿ ಕಳಿಸಿದಳು.

ಅಲ್ಲಿ ಯಾರೂ ಮುಟ್ಟದ ಪ್ರಿಂಟರು ತಾನಾಗಿ ಗುರ್ರೆಂದು ಹಾಳೆಯೊಂದನ್ನು ಉಗುಳಿತು: "ಬೀರುವಿನಲ್ಲಿರುವ ಪೆಟ್ಟಿಗೆಗಳನ್ನು ಈ ಕೂಡಲೇ ಹೊರತೆಗೆದು ಜೋಡಿಸತಕ್ಕದ್ದು. ಮಕ್ಕಳು ಮುಟ್ಟತಕ್ಕದ್ದು. ಇದು ಕಂಪ್ಯೂಟರಿನಲ್ಲಿ ತಯಾರಾದ ಪತ್ರವಾದ್ದರಿಂದ ಸಹಿಯ ಅಗತ್ಯವಿಲ್ಲ."

ಹೆಡ್‌ಮಾಸ್ಟರು ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ಓದಿ, ತಾವೇ ಫೋನು ಮಾಡಿದರು. "ಇದನ್ನ ಮೊದಲೇ ಕಳಿಸೋದಕ್ಕೆ ಏನಾಗಿತ್ತು ತಾಯಿ, ಸುಮ್ಮನೆ ಬಾಯಿ ನೋಯಿಸಿಕೊಂಡೆ."

ಬೀರು ಬಾಯಿ ತೆರೆಯಿತು. ಯಾವ ತಂತಿ ಯಾವ ತೂತಿಗೆಂದು ವೈರ್ ಅಕ್ಕ ಫೋನಿನಲ್ಲಿ ಹೇಳುತ್ತ ಹೋದಳು, ಗಣಿತದ ಮೇಡಮ್ಮು ಮೇಜಿನಡಿ ನುಸುಳಿ ಸಿಕ್ಕಿಸುತ್ತ ಹೋದರು. ಮೊದಲ ಪರದೆ ಬೆಳಗಿದಾಗ ಎದ್ದ ಮಕ್ಕಳ ಗದ್ದಲಕ್ಕೆ ಅವಳು ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು.

ಸಂಜೆ ಸಾಹೇಬರು ಬಂದು ಇಣುಕುವಷ್ಟರಲ್ಲಿ ಕೊನೆಯ ಸಾಲೂ ಹಸಿರಾಗಿತ್ತು. ಅವಳ ಗುತ್ತಿಗೆಯ ಕಾಗದದ ಮೇಲೆ ಪೆನ್ನು ಇಡುವುದಕ್ಕೂ ಅವರ ಫೋನು ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು. ಹೆಡ್‌ಮಾಸ್ಟರು ಆದೇಶಕ್ಕಾಗಿ ಧನ್ಯವಾದ ಹೇಳುತ್ತಿದ್ದರು.

ಸಾಹೇಬರು ಅವಳನ್ನು ನೋಡಿದರು. ಅವಳು ಪರದೆಯನ್ನು ನೋಡಿದಳು. ಆದೇಶ ನನ್ನದಲ್ಲ ಎಂದರೆ ಪೆಟ್ಟಿಗೆಗಳ ವನವಾಸವೂ, ಅದರ ಮೇಲೆ ತಾವು ಸಹಿ ಹಾಕಿದ ವರದಿಗಳೂ ಬೀದಿಗೆ ಬರುತ್ತವೆ.

"ಹೌದು ಹೌದು, ನಾನೇ ಕಳಿಸಿದ್ದು," ಎಂದು ಸಿಟ್ಟಿನಿಂದಲೇ ಕಾಗದಕ್ಕೆ ಸಹಿ ಜಡಿದರು.

ಅತ್ತ ಹೆಡ್‌ಮಾಸ್ಟರ ಮಾತು ಮುಗಿದಿರಲಿಲ್ಲ. ಗಂಟೆ ಬಾರಿಸಿ ಆಯಿತು, ಮಕ್ಕಳು ಕುರ್ಚಿ ಬಿಟ್ಟು ಏಳುತ್ತಿಲ್ಲ, ಎಬ್ಬಿಸುವುದಕ್ಕೆ ಏನಾದರೂ ಆದೇಶ ಇದೆಯೇ ಎಂದು ಕೇಳುತ್ತಿದ್ದರು. ಸಾಹೇಬರು ಫೋನಿಗೆ ಅಂಗೈ ಮುಚ್ಚಿ, ಏನು ಹೇಳಲಿ ಎಂಬಂತೆ ಅವಳತ್ತ ತಿರುಗಿದರು.

ವೈರ್ ಅಕ್ಕ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಅಂಥದ್ದು ಯಾವುದೂ ಬಂದಿಲ್ಲ ಅಂತ ಹೇಳಿ ಸರ್."