ಗೈರುಹಾಜರಾದವನ ಬಾಣ

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಗಣಿತದ ಮೇಷ್ಟ್ರು ಈ ಗಾದೆಗೆ ಎಷ್ಟು ಹೆದರಿದ್ದರೆಂದರೆ, ತಮ್ಮದೇ ತರಗತಿಯಲ್ಲಿ ಕೂರುವ ಮಗಳನ್ನು ವರ್ಷವಿಡೀ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಅವಳು ಕೈ ಎತ್ತಿದರೆ ಇವರ ಕಣ್ಣು ಕಿಟಕಿಯ ಕಡೆ ಹೋಗುತ್ತಿತ್ತು. ಕೊನೆಗೆ ಅವಳು ಕೈ ಎತ್ತುವುದನ್ನೇ ಬಿಟ್ಟಳು. ಇಷ್ಟೆಲ್ಲ ಮಾಡಿದರೂ ಆಡುವವರ ಬಾಯಿಗೇನೂ ಬೀಗ ಬೀಳಲಿಲ್ಲ. ಪ್ರತಿ ಪರೀಕ್ಷೆಯಲ್ಲೂ ಅವಳೇ ಮೊದಲು ಬಂದರೆ ಯಾರು ತಾನೇ ಸುಮ್ಮನಿರುತ್ತಾರೆ? "ಮನೇಲೇ ಬಾವಿ ಇರೋರಿಗೆ ನೀರಿಗೇನು ಬರ" ಎಂದು ವಿಜ್ಞಾನದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಅಂದಿದ್ದರು.

ಈಗ ಶಾಲೆಗಳ ನಡುವಿನ ಗಣಿತ ಸ್ಪರ್ಧೆಗೆ ಈ ತರಗತಿಯಿಂದ ಒಬ್ಬರನ್ನು ಕಳಿಸಬೇಕಿತ್ತು. ಅಂಕ ನೋಡಿದರೆ ಮಗಳೇ ಹೋಗಬೇಕು. ಆದರೆ ಆ ಅಂಕ ಅವಳದೋ ಅಪ್ಪನದೋ ಎಂಬ ಅನುಮಾನ ಹೆಡ್‌ಮಿಸ್ಸಿಗೂ ಅಂಟಿಕೊಂಡಿತ್ತು. "ನಾನೇ ಒಂದು ಪೀರಿಯಡ್ ಬಂದು ಕೂತು ನೋಡ್ತೀನಿ, ಆಮೇಲೆ ತೀರ್ಮಾನ ಮಾಡೋಣ" ಎಂದಿದ್ದವರು, ಅದರಂತೆ ಬೆಳಗ್ಗೆಯೇ ಬಂದು ಹಿಂದಿನ ಬೆಂಚಿನಲ್ಲಿ ಕೂತರು.

ಮೇಷ್ಟ್ರು ಹಾಜರಿ ಕೂಗಿ ಮುಗಿಸಿ ಬೋರ್ಡಿನ ಮೇಲೆ ಎರಡು ದೊಡ್ಡ ಸುತ್ತು ಬರೆದರು. ಒಂದರ ಮೇಲೆ 'ನಮ್ಮ ತರಗತಿಯ ಎಲ್ಲ ವಿದ್ಯಾರ್ಥಿಗಳು' ಎಂದೂ ಇನ್ನೊಂದರ ಮೇಲೆ 'ಗೋಡೆಯ ಕೊಕ್ಕೆಗಳು' ಎಂದೂ ಬರೆದರು. ಪಕ್ಕದ ಗೋಡೆಯಲ್ಲಿ ಬ್ಯಾಗು ತೂಗುಹಾಕುವ ಕೊಕ್ಕೆಗಳ ಸಾಲೇ ಇತ್ತು.

"ನಿಮ್ಮ ನಿಮ್ಮ ಬ್ಯಾಗು ಯಾವ ಕೊಕ್ಕೇಲಿದೆಯೋ ಅದರ ಮುಂದೆ ಹೋಗಿ ನಿಂತ್ಕೊಳ್ಳಿ. ನೀವೇ ಬಾಣ ಅಂದ್ಕೊಳ್ಳಿ. ಮೊದಲನೇ ಸುತ್ತಲ್ಲಿ, ಅಂದ್ರೆ ಮೊದಲನೇ ಗಣದಲ್ಲಿರೋ ಪ್ರತಿಯೊಬ್ಬರಿಂದಲೂ ಎರಡನೇದಕ್ಕೆ ಒಂದು ಬಾಣ ಹೊರಡಬೇಕು, ಒಂದೇ ಒಂದು. ಹಾಗಿದ್ರೆ ಆ ಸಂಬಂಧಕ್ಕೆ ಫಲನ, ಅಂದ್ರೆ ಫಂಕ್ಷನ್, ಅಂತೀವಿ. ಇದು ಫಲನ ಹೌದೋ ಅಲ್ವೋ ಹೇಳಿ ನೋಡೋಣ."

ನೂಕುನುಗ್ಗಲು, ಕಿಸಿಕಿಸಿ ನಗು ಮುಗಿದು ಎಲ್ಲರೂ ನಿಂತರು. ತರಗತಿಯ ಬಾಯಿಬಡುಕಿಯೂ ಅವಳ ಗೆಳತಿಯೂ ಒಂದೇ ಕೊಕ್ಕೆಗೆ ಅಂಟಿಕೊಂಡಿದ್ದರು.

"ಅಲ್ಲ ಸರ್, ನಾವಿಬ್ರೂ ಒಂದೇ ಕಡೆ ಇದೀವಲ್ಲ" ಎಂದಳು ಬಾಯಿಬಡುಕಿ.

"ಇಬ್ರು ಒಂದ್ಕಡೆ ಬಂದ್ರೆ ತಪ್ಪೇನೇ? ಒಬ್ರೇ ಎರಡು ಕಡೆ ಹೋಗಬಾರ್ದು ಅಷ್ಟೆ" ಎಂದಳು ಗೆಳತಿ.

ಮೇಷ್ಟ್ರಿಗೆ ಖುಷಿಯಾಯಿತು. ಮಕ್ಕಳು ಎಡವಲಿ ಎಂದು ಅವರು ಕಾದಿದ್ದದ್ದು ಅಲ್ಲೇ. ಬೋರ್ಡಿನ ಮೇಲೆ 'ಫಲನ' ಎಂದು ದಪ್ಪಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆದರು. ಹೆಡ್‌ಮಿಸ್ ಕೂಡ ತಲೆ ಆಡಿಸಿದರು.

ಆಗ ಕೊಕ್ಕೆಗಳ ಸಾಲಿನಿಂದ ಮಗಳ ಕೈ ಮೇಲೆದ್ದಿತು. ಅಭ್ಯಾಸಬಲದಿಂದ ಮೇಷ್ಟ್ರ ಕಣ್ಣು ಕಿಟಕಿಗೆ ಹೋಯಿತು. ಈ ಸಲ ಕೈ ಇಳಿಯಲಿಲ್ಲ.

"ಸರ್, ಅದು ಫಲನ ಅಲ್ಲ."

ಅವಳು ತಪ್ಪು ಹೇಳುತ್ತಿದ್ದಾಳೆ ಎಂಬುದರಲ್ಲಿ ಮೇಷ್ಟ್ರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಬೇರೆ ದಿನ ಸಿಗಲಿಲ್ಲವೇ ಈ ಹುಡುಗಿಗೆ? ಹೆಡ್‌ಮಿಸ್ ಎದುರಿಗೇ ಎಡವಿದರೆ ಸ್ಪರ್ಧೆಯ ಮಾತು ಅಲ್ಲಿಗೆ ಮುಗಿದಂತೆ. ಆದರೂ ಕೇಳದೆ ವಿಧಿಯಿರಲಿಲ್ಲ.

"ಯಾಕೆ?"

"ಚಕ್ಕರ್ ಬಂದಿಲ್ವಲ್ಲ ಸರ್."

ತರಗತಿ ಗೊಳ್ಳೆಂದಿತು. ಚಕ್ಕರ್ ಎಂದರೆ ಶಾಲೆಗೆ ನೆಂಟನ ಹಾಗೆ ಬಂದು ಹೋಗುವ ಹುಡುಗ. ಅವನು ಬರದಿದ್ದದ್ದು ಯಾರಿಗೂ ಸುದ್ದಿಯೇ ಅಲ್ಲ.

"ಅವನು ಬಂದಿದ್ದಾದ್ರೂ ಯಾವಾಗ?" ಎಂದಳು ಬಾಯಿಬಡುಕಿ.

"ಬರದಿದ್ರೂ ಅವನು ನಮ್ಮ ಕ್ಲಾಸಿನವನೇ ತಾನೆ? ಬೋರ್ಡಲ್ಲಿ ಎಲ್ಲ ವಿದ್ಯಾರ್ಥಿಗಳು ಅಂತಿದೆ. ಅವನಿಂದ ಬಾಣಾನೇ ಹೊರಟಿಲ್ಲ. ಇವತ್ತು ಬಂದಿರೋರು ಅಂತ ಬರೆದಿದ್ರೆ ಫಲನ ಆಗ್ತಿತ್ತು."

ನಗು ನಿಂತಿತು. ಮೇಷ್ಟ್ರು ಬೋರ್ಡಿನತ್ತ ತಿರುಗಿದರು. ಈಗಷ್ಟೇ ಅವನ ಹೆಸರು ಕೂಗಿದ್ದವರು ತಾವೇ, ಗೈರು ಎಂದು ಗುರುತು ಹಾಕಿದ್ದವರೂ ತಾವೇ. ಅವನಿಲ್ಲದ ತರಗತಿಯನ್ನೇ ಪೂರ್ತಿ ತರಗತಿ ಎಂದುಕೊಳ್ಳುವುದು ಅಷ್ಟು ರೂಢಿಯಾಗಿಬಿಟ್ಟಿತ್ತು. ನಾಚಿಕೆಯಾಗಬೇಕಿತ್ತು. ಆದದ್ದು ಹೆಮ್ಮೆ. ಅವರು ಸೀಮೆಸುಣ್ಣವನ್ನು ಮಗಳ ಕಡೆ ಚಾಚಿದರು. ಅವಳು ಬಂದು 'ಫಲನ'ದ ಮುಂದೆ 'ಅಲ್ಲ' ಎಂದು ಸೇರಿಸಿ ತನ್ನ ಕೊಕ್ಕೆಯ ಮುಂದೆ ಹೋಗಿ ನಿಂತಳು.

ಹೆಡ್‌ಮಿಸ್ ಕನ್ನಡಕ ತೆಗೆದು ಕೇಳಿದರು, "ಇದನ್ನೂ ಮನೇಲೇ ಹೇಳ್ಕೊಟ್ಟಿದ್ರಾ ಮೇಷ್ಟ್ರೇ?"

"ಹೇಗೆ ಹೇಳ್ಕೊಡ್ಲಿ ಮೇಡಂ?" ಮೇಷ್ಟ್ರು ಇಡೀ ತರಗತಿಗೆ ಕೇಳುವ ಹಾಗೆ ಅಂದರು. "ನನಗೇ ಹೊಳೆದಿರ್ಲಿಲ್ಲ."